ಅಮೆರಿಕದ ಆಹಾರ ನೆರವಿಗೆ ದುಡಿಮೆಯ ಷರತ್ತು

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ 1964ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಸಹಿಯಿಂದ ಶಾಸನವಾದ ಫುಡ್ ಸ್ಟ್ಯಾಂಪ್ ಯೋಜನೆ, ಈಗ ‘ಸ್ನ್ಯಾಪ್’ ಎಂಬ ಹೆಸರಿನಲ್ಲಿ ಸುಮಾರು 4 ಕೋಟಿ ಜನರ ದಿನಸಿಗೆ ನೆರವಾಗುತ್ತಿದೆ. 2025ರ ಜುಲೈನಲ್ಲಿ ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ಕಾಯ್ದೆಯು, ತಿಂಗಳಿಗೆ 80 ಗಂಟೆ ದುಡಿಮೆ ಅಥವಾ ತರಬೇತಿಯ ಷರತ್ತನ್ನು 54ರ ಬದಲು 64 ವರ್ಷದವರೆಗೆ ವಿಸ್ತರಿಸಿದ್ದಲ್ಲದೆ, ಮನೆಯಿಲ್ಲದವರಿಗೂ ಮಾಜಿ ಸೈನಿಕರಿಗೂ ಇದ್ದ ವಿನಾಯಿತಿಯನ್ನು ತೆಗೆದುಹಾಕಿತು. ದುಡಿಯಬಲ್ಲವರು ದುಡಿಯಲಿ ಎಂಬ ವಾದ ಕೇಳಲು ನ್ಯಾಯವಾಗಿಯೇ ಇದೆ. ಆದರೆ ಅರವತ್ತರ ಆಸುಪಾಸಿನಲ್ಲಿ ಮಂಡಿನೋವು, ಮಧುಮೇಹಗಳಿಂದ ನಿಂತು ಕೆಲಸ ಮಾಡಲಾಗದವರು ತಮ್ಮ ಅಶಕ್ತತೆಯನ್ನು ಸಾಬೀತುಪಡಿಸಲು ವೈದ್ಯರ ಬಳಿಗೇ ಹೋಗಬೇಕಾಗಬಹುದು. ಬಡವರ ಆರೋಗ್ಯ ವಿಮೆಯಾದ ಮೆಡಿಕೇಯ್ಡ್‌ನ ಅನೇಕ ಫಲಾನುಭವಿಗಳ ಮೇಲೂ ಇದೇ ಕಾಯ್ದೆ ಅಂಥದ್ದೇ ಷರತ್ತು ಹೇರಿದೆ. ಅನ್ನ, ಔಷಧ ಎರಡನ್ನೂ ಒಂದೇ ಕಡತಕ್ಕೆ ಕಟ್ಟಿಹಾಕುವ ಈ ಕ್ರಮವನ್ನು ಅಲ್ಲಿನ ಸಂಸತ್ತು ಮರುಪರಿಶೀಲಿಸಬೇಕು.

— ಓದುಗ