ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರೇ, ಮೆಷಿನ್ ಕೊಟ್ಟಿದ್ದೀರಿ, ಡಾಕ್ಟರಿಗೆ ಕಲಿಯೋಕೆ ಒಂದು ವರ್ಷವನ್ನೂ ಕೊಡಿ

ಮಾನ್ಯ ಸಚಿವರಿಗೆ ನಮಸ್ಕಾರ.

ನಾನು ಡಾಕ್ಟರ್ ಅಲ್ಲ. ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದ ಒಂದು ಊರಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಊರಿನ ಹೆಸರು, ಆಸ್ಪತ್ರೆಯ ಹೆಸರು ಬರೆಯಲ್ಲ. ಬರೆದರೆ ಅಲ್ಲಿನ ಡಾಕ್ಟರಿಗೆ ಒಂದು ನೋಟಿಸ್ ಹೋಗುತ್ತೆ, ಫೈಲ್ ಮುಚ್ಚುತ್ತೆ. ಅವರದ್ದೇನೂ ತಪ್ಪಿಲ್ಲ.

ಕೇಳೋದನ್ನು ಮೊದಲೇ ಕೇಳಿಬಿಡುತ್ತೇನೆ, ಪೂರ್ತಿ ಓದೋಕೆ ನಿಮಗೆ ಪುರುಸೊತ್ತು ಇರಲಿಕ್ಕಿಲ್ಲ. ಎಂಎಸ್ ಆರ್ಥೋ, ಅಂದರೆ ಮೂಳೆ ಚಿಕಿತ್ಸೆಯ ಸ್ನಾತಕೋತ್ತರ ಓದು ಮುಗಿಸಿ ಜಿಲ್ಲಾ ಆಸ್ಪತ್ರೆಗಳಲ್ಲಿ ದುಡಿಯುತ್ತಿರುವ ಮೂಳೆ ಡಾಕ್ಟರುಗಳನ್ನು ಸಂಬಳ ಕೊಟ್ಟು ಅಪಘಾತದ ಗಾಯಗಳ ಚಿಕಿತ್ಸೆ ಕಲಿಸುವ ಒಂದು ವರ್ಷದ ಟ್ರಾಮಾ ಫೆಲೋಶಿಪ್‌ಗೆ ಕಳಿಸಿ. ಹುಬ್ಬಳ್ಳಿ, ಬಳ್ಳಾರಿ, ಕಲಬುರಗಿ, ಬೆಳಗಾವಿ, ಮೈಸೂರಿನ ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲೂ ಅದರ ಸೀಟು ಇರಲಿ. ಕಲಿತು ಬಂದವರನ್ನು ಹೆದ್ದಾರಿ ಜಿಲ್ಲೆಗೇ ವಾಪಸ್ ಹಾಕಿ.

ಈಗ ಯಾಕೆ ಅಂತ ಹೇಳುತ್ತೇನೆ.

ನನ್ನ ತಮ್ಮನಿಗೆ 26 ವರ್ಷ. ಟಾಟಾ ಏಸ್ ಓಡಿಸುತ್ತಿದ್ದ. ಓಡಿಸುತ್ತಿದ್ದ ಅಂದೆ, ಗಮನಿಸಿ. ಈರುಳ್ಳಿ ಲೋಡ್ ಇಳಿಸಿ ರಾತ್ರಿ ವಾಪಸ್ ಬರುವಾಗ ಲೈಟಿಲ್ಲದೆ ನಿಂತಿದ್ದ ಟ್ರ್ಯಾಲಿಗೆ ಗುದ್ದಿದ. ಮೊಳಕಾಲು ಡ್ಯಾಶ್‌ಬೋರ್ಡಿಗೆ ಬಡಿದು, ಆ ಏಟಿಗೆ ತೊಡೆ ಮೂಳೆಯ ಗುಂಡು ಹಿಂದಕ್ಕೆ ಜಾರಿ, ಅದು ಕೂರುವ ಬಟ್ಟಲೇ ಒಡೆದುಹೋಯಿತು. ಅಸೆಟಾಬುಲಮ್ ಅಂತಾರೆ ಅದಕ್ಕೆ. ಮೂರು ತಿಂಗಳು ಆಸ್ಪತ್ರೆ ಕಾರಿಡಾರಲ್ಲಿ ಕೂತರೆ ಟೈಲರೂ ಇಂಥ ಹೆಸರು ಕಲಿಯುತ್ತಾಳೆ.

ಜಿಲ್ಲಾ ಆಸ್ಪತ್ರೆಯ ಡಾಕ್ಟರ್ ಚಿಕ್ಕ ವಯಸ್ಸಿನವರು, ಒಳ್ಳೆಯವರು. ಅದೇ ರಾತ್ರಿ ಜಾರಿದ ಕೀಲನ್ನು ಎಳೆದು ಕೂರಿಸಿದರು. ಮೊಳಕಾಲಿನ ಕೆಳಗೆ ಮೂಳೆಗೆ ಅಡ್ಡ ಕಂಬಿ ಹಾಕಿ, ಹಗ್ಗ ಕಟ್ಟಿ, ಮಂಚದ ತುದಿಯಲ್ಲಿ ತೂಕ ಇಳಿಬಿಟ್ಟರು. ಆ ಹಗ್ಗವನ್ನು ಯಾರೂ ಎಡವದ ಹಾಗೆ ಕಾಯೋದು ನನ್ನ ಕೆಲಸ. ಕಸ ಗುಡಿಸುವವರು ಬಂದರೆ ಎದ್ದು ನಿಲ್ಲುತ್ತಿದ್ದೆ. ಪಕ್ಕದ ಬೆಡ್ಡಿನ ಮಗು ಬಂದರೆ ಬಿಸ್ಕತ್ತು ಕೊಟ್ಟು ದೂರ ಕೂರಿಸುತ್ತಿದ್ದೆ. ಯಾರ ಸೊಂಟವೋ ತಾಗಿ ಆ ತೂಕ ಸ್ವಲ್ಪ ಅಲ್ಲಾಡಿದರೂ ಅವನು ಕೂಗುವ ಕೂಗು ಇಡೀ ವಾರ್ಡಿಗೆ ಕೇಳುತ್ತಿತ್ತು.

ಆಮೇಲೆ ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದು ನಿಜ ಹೇಳಿದರು. "ನೋಡಮ್ಮಾ, ತೊಡೆ ಮೂಳೆ, ಕಾಲಿನ ಮೂಳೆ, ಮಣಿಕಟ್ಟು, ಎಲ್ಲ ದಿನಾ ಮಾಡ್ತೀವಿ. ಇದನ್ನ ನಾನು ಮಾಡಬಾರದು. ಕಲಿತವರು ಮಾಡಬೇಕು." ಆ ಮೂಳೆ ಆಳದಲ್ಲಿದೆ. ಪಕ್ಕದಲ್ಲೇ ಕಾಲಿಗೆ ಹೋಗುವ ದೊಡ್ಡ ನರ. ಚೂರುಗಳನ್ನು ಕೂದಲೆಳೆಯಷ್ಟೂ ಏರುಪೇರಿಲ್ಲದೆ ಜೋಡಿಸದಿದ್ದರೆ ಕೀಲು ಸವೆದುಹೋಗುತ್ತೆ. ಮೇಲಾಗಿ ಎರಡು ವಾರದೊಳಗೆ ಆದರೆ ಒಳ್ಳೇದು, ಮೂರು ವಾರ ದಾಟಿದರೆ ಚೂರುಗಳು ತಪ್ಪು ಜಾಗದಲ್ಲೇ ಅಂಟಿಕೊಳ್ಳೋಕೆ ಶುರುವಾಗುತ್ತವೆ, ಬಿಡಿಸಿ ಕೂರಿಸೋದು ಇನ್ನೂ ಕಷ್ಟ.

ಅದಕ್ಕೇ ಬೆಂಗಳೂರು. ಮೊದಲು ಹೋದ ಕಡೆ ಬೆಡ್ ಇಲ್ಲ. ಇನ್ನೊಂದು ಕಡೆ ಈ ಆಪರೇಷನ್ ಮಾಡುವ ಡಾಕ್ಟರ್ ಊರಲ್ಲಿಲ್ಲ. ಆಂಬುಲೆನ್ಸಲ್ಲಿ ತೂಕ ಬಿಚ್ಚಿ ಕಾಲಿಗೆ ಮರಳಿನ ಚೀಲ ಒತ್ತಿಟ್ಟಿದ್ದರು. ನಮ್ಮ ರಸ್ತೆ ಹಂಪುಗಳ ಬಗ್ಗೆ ನಾನು ನಿಮಗೆ ಹೇಳಬೇಕಾ? ಕೊನೆಗೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಆಗೋ ಹೊತ್ತಿಗೆ ಮೂರು ವಾರ ದಾಟಿತ್ತು. ನನ್ನ ಎರಡು ಜುಕಿ ಮೆಷಿನ್, ಒಂದು ಓವರ್‌ಲಾಕ್ ಮಾರಿದೆ. ದಸರಾ ದೀಪಾವಳಿ ಆರ್ಡರ್ ಪೂರ್ತಿ ಕೈಬಿಟ್ಟಿತು. ಬ್ಲೌಸ್ ಪೀಸ್ ಕೊಟ್ಟಿದ್ದವರು ಬಂದು ವಾಪಸ್ ತಗೊಂಡು ಹೋದರು, ಪಾಪ, ಅವರು ತಾನೇ ಏನು ಮಾಡುತ್ತಾರೆ. ಅಮ್ಮನ ಸರ ಬ್ಯಾಂಕಲ್ಲಿದೆ, ಅದು ಬರುತ್ತೆ ಅನ್ನೋ ನಂಬಿಕೆ ಇಲ್ಲ. ತಮ್ಮ ಈಗ ಕೋಲು ಹಿಡಿದು ನಡೆಯುತ್ತಾನೆ. ನೆಲದ ಮೇಲೆ ಕೂರೋಕಾಗಲ್ಲ, ಕ್ಲಚ್ ಒತ್ತೋಕಾಗಲ್ಲ. ಮುಂದೆ ಕೀಲೇ ಬದಲಾಯಿಸಬೇಕು ಅಂದಿದ್ದಾರೆ. 26 ವರ್ಷದವನಿಗೆ.

ಇದೆಲ್ಲ ವಿಧಿ ಅಂತ ಸುಮ್ಮನಿದ್ದೆ. ಸುಮ್ಮನಿರೋಕೆ ಬಿಡದೇ ಇದ್ದದ್ದು ಒಂದು ಮೆಷಿನ್.

ಮೊನ್ನೆ ಚೆಕಪ್‌ಗೆ ಅದೇ ಜಿಲ್ಲಾ ಆಸ್ಪತ್ರೆಗೆ ಹೋಗಿದ್ದೆವು. ಆಪರೇಷನ್ ಥಿಯೇಟರ್ ಬಾಗಿಲ ಪಕ್ಕ ಹೊಸ ಸಿ-ಆರ್ಮ್, ಆಪರೇಷನ್ ಮಾಡುತ್ತಲೇ ಎಕ್ಸ್‌ರೇ ನೋಡುವ ಮೆಷಿನ್. ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಗೇ ಇದೆ. ಪ್ಲಾಸ್ಟಿಕ್ ಮೇಲೆ ಅರಿಶಿನ ಕುಂಕುಮ, ಒಣಗಿದ ಸೇವಂತಿಗೆ ಹಾರ, ಚಕ್ರದ ಕೆಳಗೆ ಹಿಂಡಿಹೋದ ನಿಂಬೆಹಣ್ಣು. ಗೋಡೆಯ ಮೇಲೆ ಉದ್ಘಾಟನೆಯ ಫೋಟೋ, ಹನ್ನೊಂದು ಜನ ನಿಂತಿದ್ದಾರೆ, ಮೂಳೆ ಡಾಕ್ಟರ್ ಮೂಲೆಯಲ್ಲಿ ಅರ್ಧ ಕಟ್ ಆಗಿದ್ದಾರೆ. ಇದರಿಂದ ಸೊಂಟದ ಬಟ್ಟಲಿನ ಆಪರೇಷನ್ ಇಲ್ಲೇ ಆಗುತ್ತಾ ಸಾರ್ ಅಂತ ಕೇಳಿದೆ. ಅವರು ನಕ್ಕರು. "ಮೆಷಿನ್ ತೋರಿಸುತ್ತಮ್ಮಾ, ಮಾಡೋದು ನಾವು ಕಲೀಬೇಕಲ್ಲ."

ಅವರೇನು ಕಲಿಯಲ್ಲ ಅಂದವರಲ್ಲ. ಸ್ವಂತ ದುಡ್ಡಲ್ಲಿ ಎಒ ಕೋರ್ಸಿಗೆ ಹೋಗಿ ಬಂದಿದ್ದಾರೆ. 1958ರಲ್ಲಿ ಸ್ವಿಟ್ಜರ್ಲೆಂಡಿನ ಸರ್ಜನ್‌ಗಳು ಕಟ್ಟಿದ ಸಂಸ್ಥೆ ಅದು, ಪ್ಲೇಟು ಸ್ಕ್ರೂ ಹಾಕಿ ಮೂಳೆ ಕೂರಿಸೋದನ್ನು ಜಗತ್ತಿಗೆಲ್ಲ ಕಲಿಸಿದ್ದು. ಕೋರ್ಸು ಕೆಲವೇ ದಿನದ್ದು. ಅಲ್ಲಿ ಡ್ರಿಲ್ ಮಾಡೋದು ಪ್ಲಾಸ್ಟಿಕ್ ಮೂಳೆಗೆ. ಅಡಿಪಾಯಕ್ಕೆ ಒಳ್ಳೇದೇ. ಆದರೆ ಪ್ಲಾಸ್ಟಿಕ್ ಮೂಳೆಯಿಂದ ರಕ್ತ ಬರಲ್ಲ ಅಲ್ವಾ? ಎಂಎಸ್ ಓದುವ ಮೂರು ವರ್ಷದಲ್ಲಿ ಬೆನ್ನು, ಮಂಡಿ, ಮಕ್ಕಳ ಮೂಳೆ, ಗಡ್ಡೆ, ಮೂಳೆ ಟಿಬಿ, ಎಲ್ಲವೂ ಬರಬೇಕು. ಸೊಂಟದ ಬಟ್ಟಲು ಒಡೆದವರನ್ನು ಎಷ್ಟು ಸಲ ನೋಡಿರುತ್ತಾರೆ, ಎಷ್ಟು ಸಲ ಅವರ ಕೈಗೇ ಬ್ಲೇಡ್ ಕೊಟ್ಟಿರುತ್ತಾರೆ? ಬ್ಲೌಸ್ ಚೆನ್ನಾಗಿ ಹೊಲಿಯುವ ಹುಡುಗಿಗೆ ನಾನು ಮೊದಲನೇ ದಿನವೇ ಮದುವೆ ಗಂಡಿನ ಸೂಟ್ ಬಟ್ಟೆಗೆ ಕತ್ತರಿ ಹಾಕೋಕೆ ಬಿಡಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುತ್ತೇನೆ. ಫೆಲೋಶಿಪ್ ಅಂದರೂ ಅದೇ. ಗೊತ್ತಿರುವವರ ಪಕ್ಕದಲ್ಲಿ ನಿಂತು ಒಂದು ವರ್ಷ ಇಂಥದ್ದನ್ನೇ ಮಾಡೋದು. ಸೊಂಟದ ಮೂಳೆ, ಚರ್ಮ ಹರಿದು ಹೊರಬಂದ ಮೂಳೆ, ಕೀವಾಗಿ ಕೂಡದೇ ಉಳಿದ ಮೂಳೆ. ಮೈಯೆಲ್ಲ ಪೆಟ್ಟಾದವನಿಗೆ ಮೊದಲು ಯಾವುದು, ಆಮೇಲೆ ಯಾವುದು ಅನ್ನುವ ತೀರ್ಮಾನ.

ದೂರ ಹೋಗಬೇಕಾಗಿಲ್ಲ. ಕೊಯಮತ್ತೂರಿನ ಗಂಗಾ ಆಸ್ಪತ್ರೆಯವರು ಚರ್ಮ ಹರಿದ ಮುರಿತಗಳಲ್ಲಿ ಕಾಲು ಉಳಿಸಬೇಕೋ ತೆಗೆಯಬೇಕೋ ಅಂತ ಅಳೆಯುವ ಒಂದು ಸ್ಕೋರನ್ನೇ ಮಾಡಿದ್ದಾರೆ. ಹೊರದೇಶದ ಸರ್ಜನ್‌ಗಳೂ ಅಲ್ಲಿ ಬಂದು ಕಲಿಯುತ್ತಾರೆ. ಬೆಂಗಳೂರಿನ ಜಯನಗರದಲ್ಲಿ ಮೂಳೆ ಮತ್ತು ಅಪಘಾತಕ್ಕೆಂದೇ ಸಂಜಯ್ ಗಾಂಧಿ ಸಂಸ್ಥೆ ಇದೆ, ನಿಮ್ಮದೇ. ಫೆಲೋಶಿಪ್ ಕೋರ್ಸ್ ನಡೆಸಿ ಗೊತ್ತಿರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ, ಅದೂ ನಿಮ್ಮದೇ. ಇರದಿರೋದು ಜಿಲ್ಲಾ ಆಸ್ಪತ್ರೆಯ ಡಾಕ್ಟರ್ ಸಂಬಳ ಕಳೆದುಕೊಳ್ಳದೆ ಅಲ್ಲಿಗೆ ಹೋಗುವ ದಾರಿ. ನಮ್ಮ ಡಾಕ್ಟರಿಗೆ ಮನೆ ಸಾಲ ಇದೆ, ಚಿಕ್ಕ ಮಗು ಇದೆ. ಒಂದು ವರ್ಷ ಸಂಬಳ ಬಿಟ್ಟು ಹೋಗಿ ಅಂತ ಅವರಿಗೆ ಹೇಳೋಕೆ ನನಗೂ ಬಾಯಿ ಬರಲ್ಲ.

ನಿಯಮ ಎಲ್ಲ ನಿಮಗೆ ಬಾಯಿಪಾಠ ಇರುತ್ತೆ. ಕೆಲಸದಲ್ಲಿರುವ ಡಾಕ್ಟರನ್ನು ಇನ್-ಸರ್ವಿಸ್ ಕೋಟಾದಲ್ಲಿ ಪಿಜಿಗೆ ಕಳಿಸುತ್ತೀರಿ. ಓದು ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕು ಅಂತ ಹಿಂದೆ ಕಾಯ್ದೆಯನ್ನೂ ಮಾಡಿದ್ದಿರಿ. ಬಾಂಡ್ ಬರೆಸಿಕೊಳ್ಳೋದು ನಿಮಗೆ ಹೊಸದಲ್ಲ. ಹಾಗಾದರೆ ಇದಕ್ಕೂ ಬರೆಸಿಕೊಳ್ಳಿ, ಒಂದು ವರ್ಷ ಕಲಿ, ಐದು ವರ್ಷ ಹೆದ್ದಾರಿ ಜಿಲ್ಲೆಯಲ್ಲಿ ದುಡಿ ಅಂತ. ಆದರೆ ಕಳಿಸಿ.

ಜಿಲ್ಲಾ ಆಸ್ಪತ್ರೆ ನನ್ನದಲ್ಲ, ಆರೋಗ್ಯ ಇಲಾಖೆಯದ್ದು ಅನ್ನಬೇಡಿ. ಅವರು ಫೆಲೋಶಿಪ್ ನಮ್ಮದಲ್ಲ, ವೈದ್ಯಕೀಯ ಶಿಕ್ಷಣದ್ದು ಅನ್ನುತ್ತಾರೆ. ನನ್ನ ತಮ್ಮನ ಮೂಳೆಗೆ ತಾನು ಯಾವ ಇಲಾಖೆಯಲ್ಲಿ ಮುರಿದೆ ಅಂತ ಗೊತ್ತಿರಲಿಲ್ಲ. ನೀವಿಬ್ಬರೂ ಒಂದೇ ಸಂಪುಟದಲ್ಲಿ ಅಕ್ಕಪಕ್ಕ ಕೂರುತ್ತೀರಿ, ಒಂದು ಸಲ ಮಾತಾಡಿಕೊಳ್ಳಿ.

2025ರಲ್ಲಿ ಕೇಂದ್ರದವರು ಅಪಘಾತ ಆದವರಿಗೆ ಏಳು ದಿನದವರೆಗೆ, ಒಂದೂವರೆ ಲಕ್ಷದವರೆಗೆ ನಗದಿಲ್ಲದ ಚಿಕಿತ್ಸೆ ಅಂತ ಯೋಜನೆ ತಂದರು. ನಮ್ಮ ಹೊತ್ತಿಗೆ ಅದಿರಲಿಲ್ಲ, ಇರಲಿ, ಬಂದಿದ್ದು ಒಳ್ಳೇದು. ಆದರೆ ಆಪರೇಷನ್ ಮಾಡುವವರನ್ನು ಹುಡುಕುವುದರಲ್ಲೇ ಏಳು ದಿನ ಮುಗಿದರೆ ಆ ಒಂದೂವರೆ ಲಕ್ಷ ಇಟ್ಟುಕೊಂಡು ಏನು ಮಾಡೋದು? 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ ಸತ್ತವರು 1,68,491. ಗಾಯಗೊಂಡವರು 4,43,366. ಸರ್ಕಾರದ್ದೇ ಲೆಕ್ಕ. ಸತ್ತವರ ಬಗ್ಗೆ ಎಲ್ಲರೂ ಭಾಷಣ ಮಾಡುತ್ತಾರೆ. ಆ ಎರಡನೇ ಸಾಲಿನಲ್ಲಿ ಎಷ್ಟು ಜನ ಕೋಲು ಹಿಡಿದರು, ಎಷ್ಟು ಜನರ ಅಕ್ಕಂದಿರು ಮೆಷಿನ್ ಮಾರಿದರು, ಯಾರಾದರೂ ಕೇಳಿದ್ದೀರಾ?

ಸಿಟ್ಟಲ್ಲಿ ಒಂದೆರಡು ಮಾತು ಜಾಸ್ತಿ ಬಂದಿರಬಹುದು. ಹೊಸ ಕಟ್ಟಡ ಕೇಳುತ್ತಿಲ್ಲ, ಹೊಸ ಮೆಷಿನ್ ಕೇಳುತ್ತಿಲ್ಲ, ದಯವಿಟ್ಟು ಇನ್ನೊಂದು ಉದ್ಘಾಟನೆ ಮಾತ್ರ ಬೇಡ. ಜಿಲ್ಲೆಗೆ ಒಬ್ಬರೋ ಇಬ್ಬರೋ ಮೂಳೆ ಡಾಕ್ಟರನ್ನು ಒಂದು ವರ್ಷ ಟ್ರಾಮಾ ಫೆಲೋಶಿಪ್‌ಗೆ ಸಂಬಳ ಕೊಟ್ಟು ಕಳಿಸಿ. ಸರ್ಕಾರಿ ಕಾಲೇಜುಗಳಲ್ಲಿ ಸೀಟು ಮಾಡಿ. ವಾಪಸ್ ಇಲ್ಲಿಗೇ ಹಾಕಿ. ಮೊದಲ ಪಟ್ಟಿಯಲ್ಲಿ ಹೆದ್ದಾರಿ 48ರ ಜಿಲ್ಲೆಗಳಿರಲಿ.

ಪತ್ರಕ್ಕೆ ಉತ್ತರ ಬರೆಯದಿದ್ದರೂ ಪರವಾಗಿಲ್ಲ. ಆದೇಶ ಆದ ದಿನ ಅದರ ಪ್ರತಿಯನ್ನು ಇಲಾಖೆಯ ವೆಬ್‌ಸೈಟಿಗೆ ಹಾಕಿಸಿ, ನಾನೇ ಪ್ರಿಂಟ್ ತೆಗೆದು ನಮ್ಮ ಡಾಕ್ಟರಿಗೆ ಕೊಟ್ಟು ಬರುತ್ತೇನೆ.

ಇಂತಿ,
ಹೆದ್ದಾರಿ ಪಕ್ಕದ ಊರಿನ ಒಬ್ಬ ಟೈಲರ್