ಮೂರನೇ ಸಲಕ್ಕೆ ಪಾಸಾದ ಪ್ರಸ್ತಾವ

ಕಳೆದ ವಾರ ನನ್ನ ಡಿಸರ್ಟೇಶನ್ ಪ್ರಸ್ತಾವಕ್ಕೆ ಒಪ್ಪಿಗೆ ಸಿಕ್ಕಿತು. ಮೂರನೇ ಸಲಕ್ಕೆ. ಡಿಗ್ರಿಯ ಹನ್ನೆರಡು ಪುಟಕ್ಕೆ ಇಷ್ಟೊಂದು ಸಂಭ್ರಮವಾ ಅಂತ ನಗಬೇಡಿ. ನಾಲ್ಕು ತಿಂಗಳು ಊಟ ನಿದ್ದೆಯ ಜೊತೆಗೂ ಇದೇ ಇತ್ತು. ಪ್ರಬಂಧ ಮುಗಿದ ಮೇಲೆ ಥ್ಯಾಂಕ್ಸ್ ಹೇಳುವುದು ಪದ್ಧತಿ. ಅಲ್ಲಿವರೆಗೆ ಕಾಯಲು ನನಗೆ ಆಗುತ್ತಿಲ್ಲ.

ಮೊದಲು ನನ್ನ ಗೈಡ್ ಮೇಡಂಗೆ. ನನ್ನ ಮೊದಲ ಶೀರ್ಷಿಕೆ ‘ಕನ್ನಡ ಸಿನಿಮಾದಲ್ಲಿ ಮಹಿಳೆ’. 1934ರ ಮೊದಲ ಟಾಕಿ ‘ಸತಿ ಸುಲೋಚನ’ದಿಂದ ಹೊರಟು, ನಲವತ್ತು ಪುಟದಲ್ಲಿ ಇವತ್ತಿಗೆ ಬಂದು ಮುಟ್ಟುವ ಯೋಜನೆ! ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಸತಿ ಸುಲೋಚನದ ಪ್ರಿಂಟೇ ಉಳಿದಿಲ್ಲ. ಏನನ್ನು ನೋಡಿ ಬರೀತೀಯಮ್ಮಾ?” ಅಂದರು. ಅದು ಮೊದಲನೇ ಸೋಲು.

ಎರಡನೇ ಸಲ ವಿಧವೆಯರ ಕಥೆಗಳಿಗೆ ಬಂದೆ. 1977ರ ‘ಘಟಶ್ರಾದ್ಧ’ ಮತ್ತು 1983ರ ‘ಫಣಿಯಮ್ಮ’, ಎರಡೇ ಚಿತ್ರ. ಈ ಸಲ ಸಮಿತಿಯವರು ತಿರುಗಿಸಿ ಕೊಟ್ಟರು. ಒಬ್ಬ ಸರ್ ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ಇದರಲ್ಲಿ ಸಿನಿಮಾ ಅಂತ ಇರೋ ಕಡೆಯೆಲ್ಲ ಕಾದಂಬರಿ ಅಂತ ಹಾಕಿ ಓದಿ ನೋಡಿ. ಏನೂ ಬದಲಾಗಲ್ಲ.” ಅವತ್ತು ಹಾಸ್ಟೆಲ್‌ಗೆ ಬಂದು ಅತ್ತೆ. ಆಮೇಲೆ ನಿಜವಾಗಿಯೂ ಹಾಕಿ ಓದಿದೆ. ಏನೂ ಬದಲಾಗಲಿಲ್ಲ. ಸರ್, ನಿಮಗೂ ಥ್ಯಾಂಕ್ಸ್. ಸ್ವಲ್ಪ ಮೆಲ್ಲಗೆ ಹೇಳಬಹುದಿತ್ತು ಅಷ್ಟೇ.

ದಸರಾ ರಜೆಗೆ ಊರಿಗೆ ಹೋದೆ. ನಮ್ಮದು ತೀರ್ಥಹಳ್ಳಿ ತಾಲೂಕು. ಅಪ್ಪನದು ಕಟಿಂಗ್ ಶಾಪು. ಒಂದು ರಾತ್ರಿ ಲ್ಯಾಪ್‌ಟಾಪಿನಲ್ಲಿ ‘ಘಟಶ್ರಾದ್ಧ’ ಹಾಕಿಕೊಂಡು ಕೂತಿದ್ದೆ. ವೇದ ಕಲಿಯಲು ಬಂದ ಪುಟ್ಟ ನಾಣಿ, ಗುರುಗಳ ವಿಧವೆ ಮಗಳು ಯಮುನಕ್ಕ. ಆಕೆ ಬಸಿರಾಗುತ್ತಾಳೆ. ಬದುಕಿರುವ ಮಗಳಿಗೆ ಅಪ್ಪನೇ ಶ್ರಾದ್ಧ ಮಾಡಿ ಹೊರಗೆ ಹಾಕುತ್ತಾನೆ. ಅಜ್ಜ ಬಂದು ಕೂತಿದ್ದು ಕೊನೆಯ ಐದು ನಿಮಿಷಕ್ಕೆ. ಯಮುನಕ್ಕ ಬೋಳುತಲೆಯಲ್ಲಿ ಮರದ ಕೆಳಗೆ ಕೂತಿದ್ದಳು.

“ತಲೆ ಬೋಳಿಸಿದ್ದು ಯಾರು?” ಅಂದರು ಅಜ್ಜ.

“ಅವರಪ್ಪನೇ ಹೊರಗೆ ಹಾಕಿದ್ದು ಅಜ್ಜಾ.”

“ಅದಲ್ಲ ಮಾರಾಯ್ತಿ. ಕತ್ತಿ ಹಿಡಿದಿದ್ದು ಯಾರು ಅಂತ ಕೇಳಿದ್ದು.”

ಆಮೇಲೆ ಅಜ್ಜ ತಾವಾಗಿಯೇ ಹೇಳುತ್ತಾ ಹೋದರು. ಅವರ ಅಪ್ಪಯ್ಯನಿಗೆ ಅಗ್ರಹಾರದಿಂದ ಕರೆ ಬರುತ್ತಿತ್ತಂತೆ. ಹಿತ್ತಲ ಕಡೆಯಿಂದ ಹೋಗಬೇಕು. ಕೆಂಪು ಸೀರೆಯ ವಿಧವೆಯರು ತಲೆ ಬಗ್ಗಿಸಿ ಕೂರುತ್ತಿದ್ದರು. ಇಬ್ಬರಲ್ಲೂ ಮಾತಿಲ್ಲ. ಸಣ್ಣ ಹುಡುಗಿಗೆ ಮೊದಲ ಸಲ ಬೋಳಿಸಿ ಬಂದ ದಿನ ಅಪ್ಪಯ್ಯ ಉಣ್ಣುತ್ತಿರಲಿಲ್ಲ. ಯಾಕೆ ಅಂತ ಕೇಳಿದರೆ ಅವ್ವ ಬಾಯಿ ಮುಚ್ಚಿಸುತ್ತಿದ್ದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಇದು ಗೊತ್ತಿರಲಿಲ್ಲ.

ಮಾರನೇ ದಿನ ಮೇಡಂಗೆ ಫೋನ್ ಮಾಡಿದೆ. ಎಲ್ಲ ಕೇಳಿ, “ಈಗ ಪ್ರಶ್ನೆ ಸಿಕ್ತು ನೋಡು” ಅಂದರು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಬಂದಿದ್ದು 1976ರಲ್ಲಿ. ಅದನ್ನು ಸಿನಿಮಾ ಮಾಡಿದವರು ಪ್ರೇಮಾ ಕಾರಂತ. ಅದರಲ್ಲಿ ದಾಕ್ಷಾಯಿಣಿ ಎಂಬ ವಿಧವೆ ಹುಡುಗಿ ತಲೆ ಬೋಳಿಸಲು ಬಿಡುವುದಿಲ್ಲ ಅಂತ ಹಟ ಹಿಡಿಯುತ್ತಾಳೆ. ಜೀವನವಿಡೀ ಮಡಿಯಲ್ಲೇ ಕಳೆದ ಫಣಿಯಮ್ಮ ಅವಳ ಪರ ನಿಲ್ಲುತ್ತಾಳೆ. ಹಾಗಾಗಿ ಈಗ ನನ್ನ ಪ್ರಶ್ನೆ ಇಷ್ಟೇ: ಕೇಶಮುಂಡನದ ವಿಷಯ ಬಂದಾಗ ಈ ಎರಡು ಚಿತ್ರಗಳಲ್ಲಿ ಕ್ಯಾಮೆರಾ ಎಲ್ಲಿ ನಿಲ್ಲುತ್ತದೆ, ಯಾರ ಕಣ್ಣಾಗುತ್ತದೆ, ಕ್ಷೌರಿಕನಿಗೆ ಚೌಕಟ್ಟಿನಲ್ಲಿ ಎಷ್ಟು ಜಾಗ ಕೊಡುತ್ತದೆ? ಉತ್ತರ ಇಲ್ಲಿ ಬರೆಯುವುದಿಲ್ಲ. ಬರೆದರೆ ಮೇಡಂ ಬೈತಾರೆ.

ಇನ್ನೊಂದು ವಿಷಯ. ‘ಘಟಶ್ರಾದ್ಧ’ದ ಕಥೆ ಬರೆದ ಅನಂತಮೂರ್ತಿ, ನಿರ್ದೇಶಿಸಿದ ಗಿರೀಶ ಕಾಸರವಳ್ಳಿ, ‘ಫಣಿಯಮ್ಮ’ ಬರೆದ ಇಂದಿರಾ, ಮೂವರೂ ನಮ್ಮ ತಾಲೂಕಿನಲ್ಲೇ ಹುಟ್ಟಿದವರು. ಬೆಂಗಳೂರಿಗೆ ಹೋಗಿ ವಿಷಯ ಹುಡುಕುತ್ತಿದ್ದೆನಲ್ಲ, ನನ್ನ ಬುದ್ಧಿಗೆ ಏನನ್ನಬೇಕು!

ಶಾಟ್ ಲೆಕ್ಕ ಹಾಕುವುದನ್ನು ಕಲಿಸಿದ್ದು ಒಬ್ಬ ಸೀನಿಯರ್. ಒಂದೊಂದು ಕಟ್‌ಗೂ ನಿಲ್ಲಿಸಿ, ಎಷ್ಟು ಸೆಕೆಂಡು, ಯಾರು ಯಾರನ್ನು ನೋಡುತ್ತಿದ್ದಾರೆ ಅಂತ ಬರೆದುಕೊಳ್ಳಬೇಕು. ಸಿನಿಮಾದ ಹತ್ತು ನಿಮಿಷಕ್ಕೆ ಇಡೀ ಭಾನುವಾರ ಹೋಗುತ್ತದೆ. ನನ್ನ ಹತ್ತಿರ ಇದ್ದ ‘ಘಟಶ್ರಾದ್ಧ’ದ ಪ್ರತಿ ಎಷ್ಟು ಮಸುಕೆಂದರೆ, ಅದು ಕ್ಯಾಮೆರಾಮನ್ ಎಸ್. ರಾಮಚಂದ್ರ ಅವರು ಬಯಸಿದ ಕತ್ತಲೆಯೋ, ಪ್ರತಿ ಹಾಳಾಗಿದ್ದಕ್ಕೆ ಬಂದ ಕತ್ತಲೆಯೋ ಗೊತ್ತೇ ಆಗುತ್ತಿರಲಿಲ್ಲ. ಆ ಚಿತ್ರದ ಸರಿಪಡಿಸಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲಾಯಿತು ಅಂತ ಹುಡುಕಿ ಕೊಟ್ಟವರು ನಮ್ಮ ಲೈಬ್ರರಿ ಅಕ್ಕ. ಯಾವ ಪ್ರತಿ ನೋಡಿದೆ ಅಂತ ಪ್ರಸ್ತಾವದಲ್ಲೇ ಬರೆದುಬಿಡು ಅಂದವರೂ ಅವರೇ. ಸಮಿತಿಯವರು ಮೆಚ್ಚಿದ್ದು ಆ ಒಂದು ಪ್ಯಾರಾವನ್ನೇ. ರೂಮ್‌ಮೇಟಿಗೆ ಬೇರೆ ಏನೂ ಹೇಳುವುದಿಲ್ಲ. ರಾತ್ರಿ ಎರಡು ಗಂಟೆಗೆ ಲೈಟು ಆರಿಸು ಅನ್ನದೇ ಇದ್ದಿದ್ದಕ್ಕೆ, ಅವಳಿಗೆ ಮಸಾಲೆ ದೋಸೆ ಬಾಕಿ ಇದೆ.

ಕೊನೆಗೆ ಅಪ್ಪನಿಗೆ. ನಮ್ಮ ಕಸುಬಿನ ಹಳೆಯ ಹೆಸರನ್ನು ಜನ ಬೈಗುಳದ ಹಾಗೆ ಬಳಸುತ್ತಾರೆ. ಅದು ನಿನ್ನ ಬರಹದಲ್ಲಿ ಬರಬಾರದು ಅಂತ ಮೊದಲೇ ಹೇಳಿದ್ದರು. ‘ಕ್ಷೌರಿಕ’ ಅಂತಲೇ ಬರೆದಿದ್ದೇನೆ. ಒಪ್ಪಿಗೆಯಾದ ಪ್ರತಿಯನ್ನು ವಾಟ್ಸಾಪ್‌ನಲ್ಲಿ ಕಳಿಸಿದೆ. ಅಂಗಡಿಯಲ್ಲಿ ಗಿರಾಕಿಯನ್ನು ಸೋಪಿನ ನೊರೆಯಲ್ಲೇ ಕೂರಿಸಿ ಹನ್ನೆರಡೂ ಪುಟ ಓದಿದರಂತೆ. ಸಂಜೆ ಫೋನ್ ಬಂತು. ಹೊಗಳುತ್ತಾರೆ ಅಂತ ಕಾಯುತ್ತಿದ್ದೆ.

“ಏಳನೇ ಪುಟದಲ್ಲಿ ಬ್ಲೇಡು ಅಂತ ಬರೆದಿದ್ದೀಯ. ಆಗ ಬ್ಲೇಡು ಎಲ್ಲಿತ್ತು? ಕತ್ತಿ ಅಂತ ತಿದ್ದು. ಅದನ್ನು ಮಸೆಯುತ್ತಿದ್ದ ಕಲ್ಲು ಅಟ್ಟದ ಮೇಲಿದೆ. ಮುಂದಿನ ಸಲ ಬಂದಾಗ ಇಳಿಸಿಕೊಡ್ತೀನಿ.”