ಬಾಗಿಲ ಮುಂದಿನ ನಾಲ್ಕು ಕಲ್ಲು

ಪ್ರೀತಿಯ ಗೆಳೆಯ,

ಬರ್ಲಿನ್ನಿಗೆ ಬಂದ ಮೊದಲ ವಾರದ ಕಥೆ ಇದು, ನಿನಗೆ ಹೇಳಿಯೇ ಇರಲಿಲ್ಲ. ಬೆಳಿಗ್ಗೆ ಮನೆಯಿಂದ ಹೊರಗೆ ಕಾಲಿಟ್ಟರೆ ಶೂ ಕೆಳಗೆ ಏನೋ ಮಿಂಚಿತು. ಫುಟ್‌ಪಾತ್ ಕಲ್ಲುಗಳ ನಡುವೆ ನಾಲ್ಕು ಹಿತ್ತಾಳೆ ಚೌಕ, ಒಂದೊಂದೂ ಅಂಗೈ ಅಗಲ, ಮೇಲೆ ಅಕ್ಷರ. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ಅಲ್ವಾ ನಾವು, ಕೈ ತಾನಾಗಿಯೇ ಕೆಳಗೆ ಹೋಯಿತು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ತಿರುಗಿ ನೋಡಿದಳು.

‘ಇಲ್ಲಿ ವಾಸವಿದ್ದರು’ ಅಂತ ಶುರು. ಆಮೇಲೆ ಹೆಸರು, ಹುಟ್ಟಿದ ವರ್ಷ, ನಾಜಿಗಳು ಯಾವಾಗ ಶಿಬಿರಕ್ಕೆ ಸಾಗಿಸಿದರು, ಎಲ್ಲಿ ಕೊಂದರು. ಅಪ್ಪ, ಅಮ್ಮ, ಇಬ್ಬರು ಮಕ್ಕಳು. ನಾನು ದಿನಾ ಹತ್ತುವ ಇದೇ ಮೆಟ್ಟಿಲು ಹತ್ತಿದವರು.

ಇದಕ್ಕೆ ಜರ್ಮನ್ನಿನಲ್ಲಿ ಶ್ಟೋಲ್ಪರ್‌ಸ್ಟೈನ್ ಅನ್ನುತ್ತಾರೆ. ಎಡವುಗಲ್ಲು. ಗುಂಟರ್ ಡೆಮ್ನಿಗ್ ಎಂಬ ಕಲಾವಿದ 1992ರ ಡಿಸೆಂಬರ್ 16ರಂದು ಕಲೋನ್ ನಗರಸಭೆ ಮುಂದೆ ಮೊದಲನೆಯದನ್ನು ಹೂಳಿದ. ಅದರಲ್ಲಿದ್ದದ್ದು ಯಾರ ಹೆಸರೂ ಅಲ್ಲ, ಸಿಂಟಿ ಮತ್ತು ರೋಮಾ ಎಂಬ ಅಲ್ಪಸಂಖ್ಯಾತ ಜನರನ್ನು ಶಿಬಿರಕ್ಕೆ ಸಾಗಿಸಲು ನಾಜಿ ನಾಯಕ ಹಿಮ್ಲರ್ ಕೊಟ್ಟ ಆದೇಶದ ಸಾಲು. ಆ ಆದೇಶಕ್ಕೆ ಅವತ್ತಿಗೆ ಸರಿಯಾಗಿ 50 ವರ್ಷ. 1996ರಲ್ಲಿ ಬರ್ಲಿನ್ನಿನಲ್ಲಿ ಯಾರ ಪರವಾನಗಿಯೂ ಇಲ್ಲದೆ ಸುಮ್ನೆ ಹೂಳಿಬಿಟ್ಟ, ಒಪ್ಪಿಗೆ ಆಮೇಲೆ ಸಿಕ್ಕಿತು. 2023ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಒಂದು ಲಕ್ಷದ ಕಲ್ಲು ಬಿತ್ತು. ಯಹೂದಿಗಳದ್ದೇ ಜಾಸ್ತಿ. ಅಕ್ಷರಗಳನ್ನು ಇವತ್ತಿಗೂ ಒಂದೊಂದಾಗಿ ಕೈಯಿಂದಲೇ ಹೊಡೆಯುತ್ತಾರಂತೆ.

ಆದರೆ ಮ್ಯೂನಿಕ್ ಬೇಡ ಅಂದಿತು. 2004ರಲ್ಲಿ ಅಲ್ಲಿನ ನಗರಸಭೆ ಸಾರ್ವಜನಿಕ ಜಾಗದಲ್ಲಿ ಇವಕ್ಕೆ ಒಪ್ಪಲಿಲ್ಲ. ಜೋರಾಗಿ ವಿರೋಧಿಸಿದವರು ಯಾರು ಗೊತ್ತಾ? ಶಾರ್ಲೊಟ್ಟೆ ಕ್ನೊಬ್ಲೋಖ್, ಅಲ್ಲಿನ ಯಹೂದಿ ಸಮುದಾಯದ ಅಧ್ಯಕ್ಷೆ, ಹುಡುಗಿಯಾಗಿದ್ದಾಗ ಹಳ್ಳಿಯಲ್ಲಿ ಅಡಗಿದ್ದು ಜೀವ ಉಳಿಸಿಕೊಂಡವರು. ಸತ್ತವರ ಹೆಸರನ್ನು ಮತ್ತೆ ಕಾಲಡಿ ಹಾಕಬೇಡಿ ಅನ್ನುವುದು ಅವರ ವಾದ. ಈಗ ಅಲ್ಲಿ ಗೋಡೆ ಮೇಲೆ, ಕಂಬದ ಮೇಲೆ ಫಲಕ ಹಾಕುತ್ತಾರೆ.

ಓದಬೇಕಾದರೆ ಬಗ್ಗಲೇಬೇಕು, ಅದೇ ನಮಸ್ಕಾರ, ಅನ್ನುತ್ತಾರೆ ಕಲ್ಲಿನ ಪರವಾದವರು. ಮಾತು ಚೆನ್ನಾಗಿದೆ. ನಮ್ಮಲ್ಲೂ ದೇವಸ್ಥಾನದ ಮೆಟ್ಟಿಲ ಮೇಲೆ ಹೆಸರು ಕೆತ್ತಿಸಿಕೊಳ್ಳುವವರಿದ್ದಾರೆ, ಭಕ್ತರ ಪಾದಧೂಳಿ ಬೀಳಲಿ ಅಂತ. ಆದರೆ ಅದು ಅವರೇ ಆಸೆಪಟ್ಟದ್ದು. ಈ ನಾಲ್ವರನ್ನು ಯಾರೂ ಕೇಳಿರಲಿಲ್ಲ. ಹಾಗಂತ ಗೋಡೆ ಮೇಲಿದ್ದಿದ್ದರೆ ನಾನು ಓದುತ್ತಿದ್ದೆನಾ? ಅದೂ ಅನುಮಾನವೇ.

ಹಿತ್ತಾಳೆ ಬೇಗ ಕಪ್ಪಾಗುತ್ತದೆ. ನವೆಂಬರ್ 9 ಬಂತೆಂದರೆ, 1938ರಲ್ಲಿ ಯಹೂದಿಗಳ ಅಂಗಡಿ, ಪ್ರಾರ್ಥನಾಮಂದಿರ ಒಡೆದು ಸುಟ್ಟ ರಾತ್ರಿಯ ನೆನಪಿಗೆ, ಜನ ಬಟ್ಟೆ ಹಿಡಿದು ಬೀದಿಯಲ್ಲಿ ಮಂಡಿಯೂರಿ ಉಜ್ಜುತ್ತಾರೆ. ಕೆಳಗಿನ ಮನೆಯ ಅಜ್ಜಿ ಪಾಲಿಶ್ ಟ್ಯೂಬ್ ತಂದಿದ್ದರು. ನಾನು ಹುಣಸೆಹಣ್ಣು ಒಯ್ದೆ, ದೀಪದ ಕಂಬ ಬೆಳಗುವ ಹಾಗೆ. ಅವರಿಗೆ ನಂಬಿಕೆಯೇ ಇರಲಿಲ್ಲ, ಆಮೇಲೆ ಚಿಕ್ಕ ಮಗುವಿನ ಕಲ್ಲನ್ನೂ ನನ್ನ ಕಡೆಗೇ ಬಿಟ್ಟರು.

ನಾನಂತೂ ಈಗಲೂ ಪಕ್ಕಕ್ಕೆ ಸರಿದೇ ದಾಟುತ್ತೇನೆ. ಮೇ ತಿಂಗಳಲ್ಲಿ ನೀನು ಬಂದಾಗ ಆ ದೊಡ್ಡ ಸೂಟ್‌ಕೇಸನ್ನು ದಡಬಡ ಎಳೆದುಕೊಂಡು ಬರುತ್ತೀಯಲ್ಲ, ಬಾಗಿಲ ಹತ್ತಿರ ಸ್ವಲ್ಪ ಎತ್ತಿಕೋ.

ನಿನ್ನ ಗೆಳೆಯ